ಬಸರಾಳಿನ ಮಲ್ಲಿಕಾರ್ಜುನ ದೇವಾಲಯ

ಮಂಡ್ಯ ಜಿಲ್ಲೆ ಎಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ನಾಲೆಯ ನೀರು, ಕಬ್ಬಿನ ಗದ್ದೆ, ಆಲೆಮನೆಯ ಹೊಗೆ. ಆದರೆ ಕಾವೇರಿಯ ನಾಲೆ ಈ ಬಯಲಿಗೆ ಇಳಿದು ಬರುವುದಕ್ಕೆ ಸುಮಾರು ಏಳುನೂರು ವರ್ಷಗಳ ಹಿಂದೆಯೇ ಇಲ್ಲಿ ಕಲ್ಲಿನ ಬೆಳೆ ಬೆಳೆದಿತ್ತು. ಮಳವಳ್ಳಿಯ ಸಮೀಪದ ಮಾರೇಹಳ್ಳಿಯ ನರಸಿಂಹ ದೇವಾಲಯ ಚೋಳರ ಕಾಲವನ್ನು ನೆನಪಿಗೆ ತರುತ್ತದೆ. ಮದ್ದೂರಿನ ಉಗ್ರನರಸಿಂಹನ ಗುಡಿ ಹೊಯ್ಸಳರ ಕಾಲವನ್ನು ನೆನಪಿಸುತ್ತದೆ. ಮಂಡ್ಯದಿಂದ ನಾಗಮಂಗಲದ ಕಡೆಗೆ ಹೋಗುವ ದಾರಿಯಲ್ಲಿ, ಸುಮಾರು 25 ಕಿಲೋಮೀಟರು ದೂರದಲ್ಲಿರುವ ಬಸರಾಳಿನ ಮಲ್ಲಿಕಾರ್ಜುನ ದೇವಾಲಯವಂತೂ ಹೊಯ್ಸಳ ಶಿಲ್ಪಕಲೆಯ ಉತ್ತಮ ಮಾದರಿಗಳಲ್ಲೊಂದು. ಬೇಲೂರು, ಹಳೇಬೀಡುಗಳನ್ನು ನೋಡಲು ಹಾತೊರೆಯುವ ಪ್ರವಾಸಿಗರು ಇದನ್ನು ಕಾಣದೆ ಹೋಗುವುದು ವಿಷಾದದ ಸಂಗತಿ.

ಈ ದೇವಾಲಯವನ್ನು ಕ್ರಿ.ಶ. 1234ರ ಸುಮಾರಿನಲ್ಲಿ ಹರಿಹರ ದಂಡನಾಯಕನೆಂಬ ಅಧಿಕಾರಿ ಕಟ್ಟಿಸಿದನು. ಆಗ ಆಳುತ್ತಿದ್ದವನು ವೀರಬಲ್ಲಾಳನ ಮಗನಾದ ಇಮ್ಮಡಿ ನರಸಿಂಹ. ಕಾವೇರಿಯ ಕೆಳದಂಡೆಯಲ್ಲಿ ಸಂಕಟಕ್ಕೆ ಸಿಲುಕಿದ್ದ ಚೋಳರಾಜನನ್ನು ಮರಳಿ ಸಿಂಹಾಸನದ ಮೇಲೆ ಕೂರಿಸಿ, ‘ಚೋಳರಾಜ್ಯ ಪ್ರತಿಷ್ಠಾಪನಾಚಾರ್ಯ’ ಎಂಬ ಬಿರುದನ್ನು ಪಡೆದವನು ಅವನೇ.

ಇದು ತ್ರಿಕೂಟ, ಎಂದರೆ ಮೂರು ಗರ್ಭಗುಡಿಗಳುಳ್ಳ ದೇವಾಲಯ. ಮೂರಕ್ಕೂ ನಡುವೆ ಒಂದೇ ನವರಂಗ. ಆದರೆ ಶಿಖರವಿರುವುದು ಮುಖ್ಯ ಗರ್ಭಗುಡಿಗೆ ಮಾತ್ರ. ಉಳಿದೆರಡು ಹೊರಗಿನಿಂದ ನೋಡುವವನಿಗೆ ನವರಂಗದ ಗೋಡೆಯ ಮುಂದುವರಿಕೆಯಂತೆಯೇ ತೋರುತ್ತವೆ. ಒಳಹೊಕ್ಕ ಮೇಲೆ ಗುಟ್ಟು ತಿಳಿಯುತ್ತದೆ.

ಹೊಯ್ಸಳ ಗುಡಿಗಳ ಒಳಭಾಗ ಮಬ್ಬು. ಕಂಬಗಳು ಒತ್ತೊತ್ತಾಗಿ ನಿಂತಿವೆ. ಶಿಲ್ಪಿಗಳಿಗೆ ವಿಶಾಲವಾದ ಸಭಾಂಗಣ ಬೇಡವಾಗಿತ್ತೆ? ಕಾರಣ ಕಲ್ಲಿನ ಸ್ವಭಾವದಲ್ಲಿದೆ. ಕಲ್ಲು ತನ್ನ ಮೇಲೆ ಹೇರಿದ ಭಾರವನ್ನು ಚೆನ್ನಾಗಿ ಹೊರುತ್ತದೆ. ಆದರೆ ತೊಲೆಯಾಗಿ ಅಡ್ಡ ಮಲಗಿದಾಗ ಅದರ ಕೆಳಮೈ ಎಳೆತಕ್ಕೆ ಸಿಕ್ಕಿ ಬೇಗ ಬಿರಿಯುತ್ತದೆ. ಆದುದರಿಂದ ತೊಲೆಗಳು ಗಿಡ್ಡವಾಗಿರಬೇಕು, ಕಂಬಗಳು ಹತ್ತಿರವಿರಬೇಕು. ಅದೇ ಕಾಲಕ್ಕೆ ಸ್ವಲ್ಪ ಹಿಂದೆ, ಹನ್ನೊಂದು ಮತ್ತು ಹನ್ನೆರಡನೆಯ ಶತಮಾನಗಳಲ್ಲಿ, ಪಶ್ಚಿಮ ಯೂರೋಪಿನ ಜನರು ರೋಮನೆಸ್ಕ್ ಎಂದು ಹೆಸರಾದ ಶೈಲಿಯಲ್ಲಿ ಇಗರ್ಜಿಗಳನ್ನು ಕಟ್ಟಿದರು. ಇಂಗ್ಲೆಂಡಿನಲ್ಲಿ 1093ರಲ್ಲಿ ಆರಂಭವಾದ ಡರ್‌ಹ್ಯಾಮ್ ಇಗರ್ಜಿಯು ಆ ಶೈಲಿಯದು. ಅವರು ತೊಲೆಯನ್ನು ಬಿಟ್ಟು ಕಮಾನನ್ನು ಹಿಡಿದರು. ಕಮಾನಿನ ಕಲ್ಲುಗಳು ಒಂದನ್ನೊಂದು ಒತ್ತಿ ನಿಲ್ಲುವುದರಿಂದ ಅಗಲವಾದ ಅಂಗಳವನ್ನು ಮುಚ್ಚಬಹುದು. ಆದರೆ ಕಮಾನು ಗೋಡೆಯನ್ನು ಹೊರಕ್ಕೆ ತಳ್ಳುತ್ತದೆ. ಅದನ್ನು ತಡೆಯಲು ಗೋಡೆಗಳನ್ನು ದಪ್ಪವಾಗಿ ಕಟ್ಟಿ, ಕಿಟಕಿಗಳನ್ನು ಕಿರಿದಾಗಿಸಬೇಕಾಯಿತು. ಹೀಗೆ ಅಲ್ಲಿಯೂ ಕತ್ತಲೆ, ಇಲ್ಲಿಯೂ ಕತ್ತಲೆ; ಕಾರಣಗಳು ಮಾತ್ರ ಬೇರೆ ಬೇರೆ.

ನಮ್ಮ ಶಿಲ್ಪಿಗಳು ಒಳಗಿನ ಮಬ್ಬಿನ ಸಾಲವನ್ನು ಹೊರಗೋಡೆಯಲ್ಲಿ ತೀರಿಸಿದರು ಎನ್ನಬಹುದು. ಗೋಡೆಯನ್ನು ನೇರವಾಗಿ ಬಿಡದೆ ಮೂಲೆಮೂಲೆಯಾಗಿ ಮಡಿಸಿದರು. ಒಂದು ಮಡಿಕೆ ಬಿಸಿಲಿನಲ್ಲಿದ್ದರೆ ಪಕ್ಕದ್ದು ನೆರಳಿನಲ್ಲಿರುತ್ತದೆ. ಹೊತ್ತು ಏರಿದಂತೆ ಗೋಡೆಯ ಮುಖವೇ ಬದಲಾಗುತ್ತದೆ. ಬುಡದಲ್ಲಿ ಆನೆಗಳ ಸಾಲು. ಅದರ ಮೇಲೆ ಕುದುರೆ, ಬಳ್ಳಿ, ಪುರಾಣಕಥೆ, ಮಕರ, ಹಂಸ ಎಂಬ ಕ್ರಮದಲ್ಲಿ ಪಟ್ಟಿಕೆಗಳು. ಭಾರವಾದ ಆನೆ ಕೆಳಗೆ, ಹಗುರವಾದ ಹಂಸ ಮೇಲೆ! ಈ ಪಟ್ಟಿಕೆಗಳ ಮೇಲೆ ದೇವತೆಗಳ ಮೂರ್ತಿಗಳಿವೆ. ಅಂಧಕಾಸುರನ ತಲೆಯ ಮೇಲೆ ಕುಣಿಯುವ ಹದಿನಾರು ಕೈಗಳ ಶಿವ, ಇಪ್ಪತ್ತೆರಡು ಕೈಗಳ ದುರ್ಗೆ, ಕೈಲಾಸವನ್ನೆತ್ತುವ ರಾವಣ ಇವು ಮುಖ್ಯವಾದವು. ಒಂದೆಡೆ ಅರ್ಜುನನು ಮತ್ಸ್ಯಯಂತ್ರಕ್ಕೆ ಬಾಣ ಹೂಡುತ್ತಿದ್ದಾನೆ. ದ್ರೌಪದಿ ಅದಾಗಲೇ ಮಾಲೆ ಹಿಡಿದು ಧಾವಿಸುತ್ತಿದ್ದಾಳೆ. ಅವಳ ಆತುರವನ್ನು ಕಲ್ಲಿನಲ್ಲಿ ಮೂಡಿಸಿದ ಕೈ ಸಾಮಾನ್ಯದ್ದಲ್ಲ.

ಇಷ್ಟು ನವುರಾದ ಕೆಲಸಕ್ಕೆ ಕಣಶಿಲೆ ಒಗ್ಗುತ್ತಿರಲಿಲ್ಲ. ಹೊಯ್ಸಳ ಶಿಲ್ಪಿಗಳು ಆರಿಸಿಕೊಂಡದ್ದು ಬಳಪದ ಕಲ್ಲನ್ನು. ಗಣಿಯಿಂದ ತೆಗೆದ ಹೊಸತರಲ್ಲಿ ಅದು ಮೃದು. ಉಳಿ ಹೇಳಿದಂತೆ ಕೇಳುತ್ತದೆ. ಗಾಳಿಗೆ ಒಡ್ಡಿದ ಮೇಲೆ ಕ್ರಮೇಣ ಗಟ್ಟಿಯಾಗುತ್ತದೆ. ಆದರೂ ಕಣಶಿಲೆಯಷ್ಟು ಗಟ್ಟಿಯಲ್ಲ. ಮೊಳೆಯಿಂದ ಗೀಚಿದ ಒಂದು ಹೆಸರು ಎಂಟು ಶತಮಾನಗಳ ಕೆಲಸವನ್ನು ಕ್ಷಣದಲ್ಲಿ ಕೆಡಿಸಬಲ್ಲುದು. ಇಂದು ಈ ಗುಡಿಯು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿದೆ. ಆದರೆ ಕಾವಲುಗಾರನ ಕಣ್ಣು ಎಲ್ಲ ಮಡಿಕೆಗಳಿಗೂ ತಲುಪುವುದು ಕಷ್ಟ.

ಕಲ್ಲಿನ ಮೇಲೆ ಹೆಸರು ಬರೆಯುವ ಹಕ್ಕು ಇದ್ದವರೂ ಇದ್ದರು. ಇದೇ ಜಿಲ್ಲೆಯ ಕೃಷ್ಣರಾಜಪೇಟೆ ತಾಲ್ಲೂಕಿನ ಗೋವಿಂದನಹಳ್ಳಿಯಲ್ಲಿ, ಸುಮಾರು 1238ರಲ್ಲಿ ಕಟ್ಟಿದ ಪಂಚಲಿಂಗೇಶ್ವರ ದೇವಾಲಯವಿದೆ. ಅಲ್ಲಿಯ ದ್ವಾರಪಾಲಕರ ಮೂರ್ತಿಯ ಮೇಲೆ ಅದನ್ನು ಕಡೆದ ರೂವಾರಿ ಮಲ್ಲಿತಮ್ಮನ ಹೆಸರನ್ನು ಇಂದಿಗೂ ಓದಬಹುದು.