ನಾಲ್ಕೂರು, ಒಂದೇ ಊಟ

ಒಂದೇ ದಿನ ನಾಲ್ಕು ಊರಿನ ನೆಂಟರಿಷ್ಟರನ್ನು ನೋಡುವ ಪ್ರಯಾಣಕ್ಕೆ ನೀವು ಕೇಳಿದ್ದು ಬೈಕಿನ ಬಗ್ಗೆ. ನನ್ನ ಚಿಂತೆ ನೆಂಟರು ಬಡಿಸುವ ಮುದ್ದೆಯದು. ಬೆಂಗಳೂರಿನಿಂದ ಹಿರಿಯೂರಿಗೆ ಸುಮಾರು 160 ಕಿ.ಮೀ. ಬೆಳಗಿನ ಜಾವ ಹೊರಟರೆ ಮಾವನ ಮನೆಯ ತಿಂಡಿ ಹೊತ್ತಿಗೆ ಮುಟ್ಟುತ್ತೀರಿ. ಅಲ್ಲಿಂದ ಹೊಸದುರ್ಗ, ಹೊಳಲ್ಕೆರೆ, ರಾತ್ರಿಗೆ ಚಿತ್ರದುರ್ಗ. ನೀವು ಹಾಕಿಕೊಂಡ ಈ ಕ್ರಮವೇ ಸರಿ, ಹೋದ ದಾರಿಯಲ್ಲೇ ತಿರುಗಿ ಬರುವ ಗೋಜಿಲ್ಲ.

ಊಟ ಮಾತ್ರ ಒಂದೇ ಮನೆಯಲ್ಲಿ. ಆ ಹಕ್ಕು ಹೊಳಲ್ಕೆರೆ ಅತ್ತೆಗಿರಲಿ. ಹೊಸದುರ್ಗದ ಗೆಳೆಯನಿಗೆ ‘ಮಜ್ಜಿಗೆ ಸಾಕು ಕಣೋ’ ಎಂದು ಹಿಂದಿನ ದಿನವೇ ಹೇಳಿಬಿಡಿ. ಎಲೆ ಹಾಕಿದ ಮೇಲೆ ಬೇಡವೆಂದರೆ ಯಾರಿಗಾದರೂ ಬೇಜಾರೇ. ಮುದ್ದೆ ಉಂಡು ಅರ್ಧ ಗಂಟೆ ಅಡ್ಡಾಗಿ. ತೂಕಡಿಸುತ್ತಾ ಬೈಕ್ ಹತ್ತಬೇಡಿ.

ಹೊರಟಿರುವುದು ಗಾಳಿ ಜೋರಾಗಿರುವ ಆಷಾಢದಲ್ಲಿ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸುಮ್ಮನೆ ನೆಟ್ಟಿಲ್ಲ! ಲಾರಿಯನ್ನು ದಾಟಿದ ಕೂಡಲೇ ಅಡ್ಡಗಾಳಿ ತಳ್ಳುತ್ತದೆ. ಆಗ ಹ್ಯಾಂಡಲ್ ಬಿಗಿಯಾಗಿ ಹಿಡಿಯದೆ, ಮೊಣಕೈ ಸಡಿಲ ಬಿಟ್ಟು ವೇಗ ಇಳಿಸಿ. ಸಾಮಾನು ಎತ್ತರಕ್ಕೆ ಪೇರಿಸದೆ ತಗ್ಗಿನಲ್ಲಿ ಕಟ್ಟಿ.

ಹಿರಿಯೂರು ಬಳಿಯ ವಾಣಿವಿಲಾಸ ಸಾಗರ ಖಂಡಿತ ನೋಡಿ; 1933ರ ನಂತರ 2022ರಲ್ಲಿ ಕೋಡಿ ಬಿದ್ದ ಜಲಾಶಯ ಅದು. ಚಿತ್ರದುರ್ಗದ ಕೋಟೆ ಮರುದಿನಕ್ಕಿರಲಿ. ಅಮ್ಮನಿಗೆ ಪ್ರತಿ ಊರಿನಿಂದಲೂ ಒಂದು ಫೋನ್ ಮಾಡಿ, ಬೈಕ್ ನಿಲ್ಲಿಸಿಕೊಂಡು.