ನೋಟಿನ ಹುಟ್ಟೂರು

ನಾಣ್ಯಕ್ಕೆ ಟಂಕಸಾಲೆಯ ಗುರುತು ಇರುವಂತೆ ಕಾಗದದ ಹಣಕ್ಕೂ ತಾನು ಹುಟ್ಟಿದ ಸ್ಥಳದ ಗುರುತು ಇರುವುದುಂಟು. ಅಮೆರಿಕದ ಒಂದು ಡಾಲರಿನ ನೋಟನ್ನು ಪರಿಶೀಲಿಸೋಣ. ಜಾರ್ಜ್ ವಾಷಿಂಗ್ಟನ್ನರ ಚಿತ್ರದ ಎಡಗಡೆಯ ಮುದ್ರೆಯೊಳಗೆ ದೊಡ್ಡದೊಂದು ಅಕ್ಷರವಿದೆ. ಅದು ‘ಬಿ’ ಆಗಿದ್ದರೆ, ನೋಟು ನ್ಯೂಯಾರ್ಕಿನಲ್ಲಿ ಅಚ್ಚಾಯಿತೆಂದು ಅವಸರದವರು ಹೇಳಿಬಿಡುತ್ತಾರೆ. ಅದು ಸರಿಯಲ್ಲ. ಆ ಅಕ್ಷರವು ನೋಟನ್ನು ಚಲಾವಣೆಗೆ ತಂದ ಬ್ಯಾಂಕನ್ನು ಮಾತ್ರ ಸೂಚಿಸುತ್ತದೆ.

ಮುದ್ರಣಾಲಯದ ಸುಳಿವು ಬಲಗಡೆ ಕೆಳಭಾಗದಲ್ಲಿದೆ. ಅಲ್ಲಿ ಅಚ್ಚಿನ ಫಲಕದ ಸಂಖ್ಯೆ ಅತಿ ಸಣ್ಣದಾಗಿ ಮೂಡಿರುತ್ತದೆ. ಅದರ ಎಡಕ್ಕೆ ‘ಎಫ್. ಡಬ್ಲ್ಯು.’ ಎಂಬ ಪುಟ್ಟ ಅಕ್ಷರಗಳಿದ್ದರೆ ನೋಟು ಟೆಕ್ಸಾಸ್ ರಾಜ್ಯದ ಫೋರ್ಟ್ ವರ್ತ್ ನಗರದಲ್ಲಿ ಅಚ್ಚಾದುದು; ಇಲ್ಲದಿದ್ದರೆ ರಾಜಧಾನಿ ವಾಷಿಂಗ್ಟನ್ನಿನಲ್ಲಿ ಅಚ್ಚಾದುದು.

ಈ ಭೇದಕ್ಕೆ ಕಾರಣವುಂಟು. ಬಹುಕಾಲ ರಾಜಧಾನಿಯದೊಂದೇ ಮುದ್ರಣಾಲಯವಿದ್ದುದರಿಂದ ಗುರುತಿನ ಅಗತ್ಯವೇ ಇರಲಿಲ್ಲ. 1991ರಲ್ಲಿ ಫೋರ್ಟ್ ವರ್ತ್‌ನ ಮುದ್ರಣಾಲಯ ವಿಧ್ಯುಕ್ತವಾಗಿ ಆರಂಭವಾಯಿತು. ದೇಶದ ಪಶ್ಚಿಮ ಭಾಗದ ಬ್ಯಾಂಕುಗಳಿಗೆ ಸುಲಭವಾಗಿ ಹಣ ಒದಗಬೇಕು, ಒಂದೆಡೆ ವಿಪತ್ತು ಸಂಭವಿಸಿದರೂ ಇನ್ನೊಂದೆಡೆ ಕೆಲಸ ಸಾಗಬೇಕು ಎಂಬುದು ಅದರ ಉದ್ದೇಶ. ಹೊಸದಕ್ಕೆ ಗುರುತು ಬಂದಿತು. ಹಳೆಯದು ಗುರುತಿಲ್ಲದೆಯೇ ಉಳಿಯಿತು.

ಹೀಗೆ ಗುರುತಿಲ್ಲದಿರುವುದೂ ಒಂದು ಗುರುತೇ ಆಗಬಲ್ಲದು. ದೊಡ್ಡಕ್ಷರವನ್ನು ಕಂಡೊಡನೆ ತೀರ್ಪು ಕೊಡದೆ ಸಣ್ಣಕ್ಷರವನ್ನೂ ತಾಳ್ಮೆಯಿಂದ ಓದುವವನಿಗೆ ನಿಜ ತಿಳಿಯುತ್ತದೆ.