ಮದ್ದಿನ ತೂಕ ಮತ್ತು ಮದ್ದಿನ ಸತ್ವ

ದೂಧಗಂಗೆಯ ದಡದ ಸದಲಗಾ ಪರಿಸರದ ಕಬ್ಬು ಬೆಳೆಗಾರರು ಬಲ್ಲ ಸಂಗತಿಯೊಂದುಂಟು: ಕಡಿದ ಕಬ್ಬು ಬಿಸಿಲಿನಲ್ಲಿ ದಿನಗಟ್ಟಲೆ ಬಿದ್ದಿದ್ದರೆ ಬೆಲ್ಲ ಚೆನ್ನಾಗಿ ಕಟ್ಟುವುದಿಲ್ಲ. ಅದರ ಸುಕ್ರೋಸ್ ನೀರಿನೊಡನೆ ವರ್ತಿಸಿ ಗ್ಲೂಕೋಸ್ ಮತ್ತು ಫ್ರಕ್ಟೋಸ್‌ಗಳಾಗಿ ಒಡೆದಿರುತ್ತದೆ. ರಸವನ್ನು ತೂಗಿದ ಮಾತ್ರಕ್ಕೆ ಈ ಬದಲಾವಣೆ ತಿಳಿಯದು. ಅರ್ಬುದ ಅಂದರೆ ಕ್ಯಾನ್ಸರ್ ರೋಗದ ಕೆಲವು ಮದ್ದುಗಳಿಗೂ ಇದೇ ಸ್ವಭಾವವುಂಟು.

ಪಶ್ಚಿಮ ಘಟ್ಟದ ಕಾಡುಗಳಲ್ಲಿ ಬೆಳೆಯುವ ದುರ್ವಾಸನೆ ಮರವನ್ನೇ ತೆಗೆದುಕೊಳ್ಳೋಣ. ಇದರಲ್ಲಿ ಕ್ಯಾಂಪ್ಟೊಥೆಸಿನ್ ಎಂಬ ದ್ರವ್ಯವಿದೆ. ಇದನ್ನು ಚೀನಾದ ಮರವೊಂದರಿಂದ ಬೇರ್ಪಡಿಸಿದ ವರದಿಯನ್ನು ವಾಲ್, ವಾನಿ ಮತ್ತು ಸಂಗಡಿಗರು 1966ರಲ್ಲಿ ಪ್ರಕಟಿಸಿದರು; ನಮ್ಮ ದುರ್ವಾಸನೆ ಮರದಲ್ಲಿಯೂ ಇದು ಇರುವುದನ್ನು 1972ರಲ್ಲಿ ಗೋವಿಂದಾಚಾರಿ ಮತ್ತು ವಿಶ್ವನಾಥನ್ ತಿಳಿಸಿದರು. ಇದರಿಂದ ರೂಪಿಸಿದ ಟೊಪೊಟೆಕಾನ್ ಮತ್ತು ಇರಿನೊಟೆಕಾನ್‌ಗಳು ಇಂದು ಚಿಕಿತ್ಸೆಯಲ್ಲಿವೆ.

ಈ ಅಣುವಿನ ಸತ್ವವಿರುವುದು ಲ್ಯಾಕ್ಟೋನ್ ಎಂಬ ಮುಚ್ಚಿದ ಉಂಗುರದಲ್ಲಿ. ಆಮ್ಲೀಯ ದ್ರವದಲ್ಲಿ ಉಂಗುರವು ಮುಚ್ಚಿರುತ್ತದೆ. ರಕ್ತದಂತೆ ತುಸು ಕ್ಷಾರೀಯವಾದ ದ್ರವದಲ್ಲಿ ನೀರಿನೊಡನೆ ವರ್ತಿಸಿ ತೆರೆದುಕೊಂಡು ಕಾರ್ಬಾಕ್ಸಿಲೇಟ್ ಆಗುತ್ತದೆ. ತೆರೆದ ರೂಪಕ್ಕೆ ಅರ್ಬುದವನ್ನು ತಡೆಯುವ ಶಕ್ತಿ ಬಲು ಕಡಮೆ. ನೀರಿನಲ್ಲಿ ಸುಲಭವಾಗಿ ಕರಗುವುದೆಂದು 1970ರ ಸುಮಾರಿನಲ್ಲಿ ಈ ರೂಪದ ಸೋಡಿಯಂ ಲವಣವನ್ನೇ ರೋಗಿಗಳಿಗೆ ಕೊಟ್ಟು ನೋಡಿದರು. ಫಲ ಅಲ್ಪವಾಯಿತು; ಮೂತ್ರಕೋಶದಲ್ಲಿ ರಕ್ತಸ್ರಾವವೂ ಕಂಡಿತು. ಪ್ರಯೋಗವನ್ನು ನಿಲ್ಲಿಸಬೇಕಾಯಿತು.

ಹಾಗಾದರೆ ಎರಡು ರೂಪಗಳನ್ನೂ ಬೇರೆಬೇರೆಯಾಗಿ ಅಳೆಯುವುದೆಂತು? ಎರಡೂ ಅತಿನೇರಳೆ ಬೆಳಕನ್ನು ಹೀರುವುದರಿಂದ, ಮಿಶ್ರಣದ ಮೂಲಕ ಬೆಳಕನ್ನು ಹಾಯಿಸಿದರೆ ಎರಡರ ಮೊತ್ತವಷ್ಟೇ ದೊರೆಯುವುದು. ಮೊದಲು ಅವನ್ನು ಬೇರ್ಪಡಿಸಬೇಕು. ಸೀಮೆಸುಣ್ಣದ ಪುಡಿ ತುಂಬಿದ ಕೊಳವೆಯಲ್ಲಿ ಎಲೆಯ ಬಣ್ಣಗಳನ್ನು ಬೇರ್ಪಡಿಸಿದ ಟ್ಸ್ವೆಟ್ ಎಂಬ ರಷ್ಯದ ಸಸ್ಯವಿಜ್ಞಾನಿ 1906ರಲ್ಲಿ ಈ ವಿಧಾನಕ್ಕೆ ಕ್ರೊಮೆಟೋಗ್ರಫಿ, ಅಂದರೆ ವರ್ಣಲೇಖನ, ಎಂದು ಹೆಸರಿಟ್ಟನು.

ಇಂದಿನ ಉಪಕರಣದಲ್ಲಿ ಉಕ್ಕಿನ ಕೊಳವೆಯೊಳಗೆ ಸಿಲಿಕಾದ ಅತಿ ಸಣ್ಣ ಕಣಗಳಿರುತ್ತವೆ. ಅವುಗಳ ವ್ಯಾಸ ಹಲವೊಮ್ಮೆ 5 ಮೈಕ್ರಾನ್ ಮಾತ್ರ. ಕಣಗಳ ಮೇಲೆ ಎಣ್ಣೆಯಂಥ ಗುಣದ ಇಂಗಾಲದ ಸರಪಳಿಗಳ ಲೇಪವಿದೆ. ಪಂಪು ದ್ರಾವಕವನ್ನು ಹೆಚ್ಚಿನ ಒತ್ತಡದಿಂದ ನೂಕುತ್ತದೆ. ವಿದ್ಯುದಾವೇಶವುಳ್ಳ ಕಾರ್ಬಾಕ್ಸಿಲೇಟ್ ದ್ರಾವಕದೊಡನೆ ಬೇಗ ಸಾಗಿ ಮೊದಲು ಹೊರಬೀಳುತ್ತದೆ. ಲ್ಯಾಕ್ಟೋನ್ ಲೇಪಕ್ಕೆ ಅಂಟಿ ತಡವಾಗಿ ಬರುತ್ತದೆ. ಕಾಗದದ ಮೇಲೆ ಎರಡು ಶಿಖರಗಳು ಮೂಡುತ್ತವೆ. ಶಿಖರದ ಸ್ಥಾನವು ವಸ್ತು ಯಾವುದೆಂದೂ, ಅದರ ವಿಸ್ತೀರ್ಣವು ಎಷ್ಟೆಂದೂ ಹೇಳುತ್ತದೆ. ಒಂದು ಮಿಲಿಲೀಟರಿನಲ್ಲಿ 10 ಮೈಕ್ರೊಗ್ರಾಂ ಲ್ಯಾಕ್ಟೋನ್ ಇರುವ ಮಾದರಿಯ ಶಿಖರದ ವಿಸ್ತೀರ್ಣ 500 ಎಂದಿಟ್ಟುಕೊಳ್ಳೋಣ. ಪರೀಕ್ಷಿಸುವ ದ್ರಾವಣದ ವಿಸ್ತೀರ್ಣ 350 ಆದರೆ ಅದರಲ್ಲಿರುವುದು 7 ಮೈಕ್ರೊಗ್ರಾಂ. ಕಾರ್ಬಾಕ್ಸಿಲೇಟಿಗೆ ಅದರದೇ ಮಾದರಿ ಬೇಕು.

ಅಳತೆಯ ನಡುವೆಯೂ ಉಂಗುರ ತೆರೆಯಬಹುದು. ಆದುದರಿಂದ ರಕ್ತದ ಮಾದರಿಯನ್ನು ಒಡನೆಯೇ ತಂಪಾಗಿಸಿ, ತಡಮಾಡದೆ ಪರೀಕ್ಷಿಸುತ್ತಾರೆ. ವಿಧಾನವು ನಂಬಲರ್ಹವೇ ಎಂದು ತಿಳಿಯಲು ಮದ್ದನ್ನು ಆಮ್ಲ, ಕ್ಷಾರ, ಹೈಡ್ರೊಜನ್ ಪೆರಾಕ್ಸೈಡ್, ಶಾಖ ಮತ್ತು ಬೆಳಕುಗಳಿಗೆ ಒಡ್ಡಿ ಬೇಕೆಂದೇ ಕೆಡಿಸುತ್ತಾರೆ. ಹಾಗೆ ಹುಟ್ಟಿದ ಪದಾರ್ಥಗಳ ಶಿಖರಗಳು ಮದ್ದಿನ ಶಿಖರದೊಡನೆ ಬೆರೆಯಬಾರದು. ಬೆರೆತರೆ, ಕೆಟ್ಟ ಮದ್ದೂ ಒಳ್ಳೆಯದೆಂದು ಲೆಕ್ಕಕ್ಕೆ ಬರುವುದು. ಅದರ ಬೆಲೆಯನ್ನು ತೆರುವವನು ರೋಗಿ.